ಕಾರ್ಡಿನಲ್ಲಿ ವಿಷಯವನ್ನು ಮೇಲೆ ತನ್ನಿ

22 ವರ್ಷದಿಂದ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದೇನೆ. ಮದುವೆ, ಗೃಹಪ್ರವೇಶ, ಜಾತ್ರೆ, ಎಲ್ಲದರ ಕಾರ್ಡೂ ನಮ್ಮಲ್ಲಿ ಆಗುತ್ತದೆ. ನಮ್ಮ ಕಡೆಯ ವಿಶ್ವವಿದ್ಯಾಲಯದ ಕೆಲಸವೂ ಬರುತ್ತದೆ. ಈ ವಾರ ಅಲ್ಲಿಂದ ಮೂರು ಕಾರ್ಯಕ್ರಮದ ಮ್ಯಾಟರ್ ಒಟ್ಟಿಗೆ ಬಂತು. ಕನ್ನಡ ವಿಭಾಗದ ದತ್ತಿ ಉಪನ್ಯಾಸ, ವಚನಕಾರರ ದುಡಿಮೆಯ ಬಗ್ಗೆ. ಇತಿಹಾಸ ವಿಭಾಗದ್ದು ನಮ್ಮ ತಾಲ್ಲೂಕಿನ ಕೆರೆಗಳು, ಅವುಗಳ ಶಾಸನಗಳು. ಮೂರನೆಯದು ತತ್ವಪದ ಹಾಡುವವರ ಜೊತೆ ಮಾತುಕತೆ. ಡಿಟಿಪಿ ಮಾಡುತ್ತಾ ಕೂತಾಗ ಮೂರಕ್ಕೂ ಹೋಗಬೇಕು ಅನ್ನಿಸಿತು. ಆಮೇಲೆ ಸಮಯ ನೋಡಿದೆ. ಮೂರೂ ಕೆಲಸದ ದಿನ, ಬೆಳಿಗ್ಗೆ 11ಕ್ಕೆ.

ಆ ಹೊತ್ತಿಗೆ ಯಾರು ಬರಲು ಆಗುತ್ತದೆ ಹೇಳಿ? ನಾನು ಅಂಗಡಿ ಮುಚ್ಚಬೇಕು. ಎದುರಿಗಿನ ಟೈಲರ್ ತುಂಬಾ ಓದುವವರು, ಅವರೂ ಮುಚ್ಚಬೇಕು. ಶಾಲೆಯ ಮೇಷ್ಟ್ರಿಗೆ ರಜೆ ಹಾಕಬೇಕು. ಕೆರೆಯ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುವ ರೈತರು ಆಗ ಗದ್ದೆಯಲ್ಲಿರುತ್ತಾರೆ. ಕೊನೆಗೆ ಸಭಾಂಗಣದಲ್ಲಿ ಕೂರುವವರು ಹಾಜರಿ ಹಾಕಬೇಕಾದ ವಿದ್ಯಾರ್ಥಿಗಳು ಮಾತ್ರ. ನಾಲ್ಕೈದು ನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಮಾತಾಡುವ ವಿದ್ವಾಂಸರಿಗೂ ಇದು ನ್ಯಾಯವಲ್ಲ.

ಕಾರ್ಡಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಸ್ವಾಗತ, ವಂದನೆ ಅಂತ ಒಟ್ಟು 14 ಹೆಸರು. ಪ್ರೂಫ್ ಕಳಿಸಿದಾಗಲೆಲ್ಲ ತಿದ್ದುಪಡಿ ಬರುವುದು ಈ ಹೆಸರುಗಳ ಕ್ರಮದಲ್ಲೇ. ಯಾರು ಮೇಲೆ, ಯಾರು ಕೆಳಗೆ ಅಂತ. ವಿಷಯ ಮಾತ್ರ ನಡುವೆ ಎಲ್ಲೋ ಒಂದೇ ಸಾಲು, 12 ಪಾಯಿಂಟ್‌ನಲ್ಲಿ. ಹೆಸರು ಬೇಡ ಅಂತ ನಾನು ಹೇಳುತ್ತಿಲ್ಲ. ದತ್ತಿ ಇಟ್ಟವರ ಹೆಸರಂತೂ ಇರಲೇಬೇಕು. ನಿವೃತ್ತ ಮೇಷ್ಟ್ರೊಬ್ಬರು ಪೆನ್ಷನ್ ದುಡ್ಡಿನಲ್ಲಿ ಉಳಿಸಿ ತಾಯಿಯ ಹೆಸರಲ್ಲಿ ಠೇವಣಿ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಊರಿನ ನಾಲ್ಕು ಜನರ ಕಿವಿಗೆ ಒಳ್ಳೆಯ ಮಾತು ಬೀಳಲಿ ಅಂತಲೇ ಅಲ್ವಾ ಅವರು ಅಷ್ಟು ದುಡ್ಡು ಇಟ್ಟಿದ್ದು?

ಮೇಷ್ಟ್ರುಗಳ ಮಾತು ಕಾಲೇಜಿನ ಗೋಡೆ ದಾಟಿ ಬರುವುದು ನಮ್ಮಲ್ಲಿ ಹೊಸದೇನೂ ಅಲ್ಲ. 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಮೈಸೂರು ಸೀಮೆಯಿಂದ ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮಾತಾಡಿದರು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರು ಕನ್ನಡ ತಲೆ ಎತ್ತುವ ಬಗೆ ಹೇಗೆ ಅಂತ ಆಡಿದ ಆ ಮಾತನ್ನು ಇವತ್ತಿಗೂ ನೆನೆಯುತ್ತೇವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಮುಂದೆ ಅಲ್ಲಿನ ಅಧ್ಯಾಪಕರು ಊರೂರಿಗೆ ಹೋಗಿ ಮಾತಾಡತೊಡಗಿದರು. ಅದಕ್ಕೆ ಪ್ರಚಾರೋಪನ್ಯಾಸ ಅಂತ ಹೆಸರು. ಆ ಮಾತುಗಳು ಪುಟ್ಟ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ನಮ್ಮ ತಂದೆಯ ಟ್ರಂಕಿನಲ್ಲಿ ಅಂಥ ಮೂರು ಪುಸ್ತಕ ಇವೆ. ಕಾಗದ ಹಳದಿಯಾಗಿ ಅಂಚು ಮುರಿಯುತ್ತಿದೆ, ಆದರೂ ಅಚ್ಚು ಎಷ್ಟು ಚೊಕ್ಕ! ಏಳನೇ ಕ್ಲಾಸಿಗೆ ಓದು ಬಿಟ್ಟ ನಮ್ಮ ತಂದೆ ಅವನ್ನು ಓದಿ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದಾರೆ.

ಹಿಂದಿನದು ಬಿಡಿ. ಎರಡು ವರ್ಷದ ಹಿಂದೆ ಇದೇ ಇತಿಹಾಸ ವಿಭಾಗದವರು ಪಕ್ಕದ ಹಳ್ಳಿಯಲ್ಲಿ ಒಂದು ಭಾನುವಾರ ವೀರಗಲ್ಲಿನ ಪಡಿಯಚ್ಚು ತೆಗೆದು ತೋರಿಸಿದರು. ನಾನು ಸುಮ್ನೆ ನೋಡೋಣ ಅಂತ ಹೋದವನು ಮಧ್ಯಾಹ್ನದ ಊಟ ಮರೆತು ನಿಂತಿದ್ದೆ. ಮೊದಲು ಕಲ್ಲಿಗೆ ನೀರು ಹಾಕಿ ತಿಕ್ಕಿದರು. ಅದರ ಮೇಲೆ ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಪಟಪಟ ಬಡಿದರು. ಕಾಗದ ಅಕ್ಷರದ ಗೆರೆಯೊಳಗೆ ಇಳಿದು ಕೂತಿತು. ಸ್ವಲ್ಪ ಆರಿದ ಮೇಲೆ ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟುತ್ತಾ ಬಂದರು. ಕಾಗದವೆಲ್ಲ ಕಪ್ಪಾಯಿತು, ಅಕ್ಷರ ಮಾತ್ರ ಬೆಳ್ಳಗೆ ಎದ್ದು ಬಂತು. ದಿನಾ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ನೋಡುವ ನನಗೆ ಮೈ ಜುಂ ಅಂದಿತು.

ಪ್ರೊಫೆಸರ್ ಮೇಡಂ ಒಂದೊಂದೇ ಅಕ್ಷರ ತೋರಿಸಿ ಓದಿದರು. 'ತುರು' ಅಂತ ಬಂದಲ್ಲಿ ನಿಂತು, ತುರು ಅಂದರೆ ದನ, ಕದ್ದೊಯ್ದ ದನಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಇದು ಅಂದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಅಲ್ಲಿದ್ದ ಒಬ್ಬ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯೋ, ಇಷ್ಟ್ ದಿನ ಈ ಕಲ್ಲಿಗೇ ದನ ಕಟ್ತಿದ್ವಲ್ಲಪ್ಪ" ಅಂದರು. ಮಾರನೇ ವಾರ ಊರಿನವರೇ ಸೇರಿ ಸುತ್ತ ಕಟ್ಟೆ ಕಟ್ಟಿಸಿದರು. ಯಾವ ಆದೇಶವೂ ಬೇಕಾಗಲಿಲ್ಲ.

ಅವತ್ತು ವೇದಿಕೆ ಇರಲಿಲ್ಲ, ಹಾರ ಇರಲಿಲ್ಲ. ಮರದ ಕೆಳಗೆ ನೂರು ಜನ ಇದ್ದರು. ಅದೇ ವಿಭಾಗ, ಅದೇ ಮೇಡಂ. ಬೇರೆಯಾಗಿದ್ದದ್ದು ಜಾಗ ಮತ್ತು ಹೊತ್ತು ಅಷ್ಟೇ.

ಸಂಜೆ ಇಟ್ಟರೆ ಬಸ್ಸಿಲ್ಲ, ಸಿಬ್ಬಂದಿ ಇರುವುದಿಲ್ಲ ಅಂತ ಹೇಳುತ್ತಾರೆ. ಕ್ಯಾಂಪಸ್ ಊರಿಂದ ಏಳು ಕಿಲೋಮೀಟರ್ ದೂರ, ಆ ಕಷ್ಟ ನಿಜ. ಹಾಗಾದರೆ ಉಪನ್ಯಾಸವೇ ಊರಿಗೆ ಬರಲಿ. ಗ್ರಂಥಾಲಯದ ಮೇಲಿನ ಹಾಲ್ ಸಂಜೆ ಖಾಲಿ ಇರುತ್ತದೆ. ತತ್ವಪದದವರು ದೇವಸ್ಥಾನದ ಜಗಲಿಯ ಮೇಲೆ ಹಾಡಲಿ, ಅವರಿಗೆ ಅದೇ ಒಗ್ಗಿದ ಜಾಗ. ಕೆರೆಯ ಮಾತು ಭಾನುವಾರ ಕೆರೆ ಏರಿಯ ಮೇಲೇ ನಡೆಯಲಿ. ಕಾರ್ಡು ಹತ್ತು ದಿನ ಮೊದಲೇ ಜನರ ಕೈ ಸೇರಲಿ. ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಬಂದರೆ ಯಾರಿಗೂ ಉಪಯೋಗವಿಲ್ಲ. ಮಾತಾಡಿದ್ದನ್ನು 16 ಪುಟದ ಪುಸ್ತಕ ಮಾಡುವುದಾದರೆ ಕಾಗದದ ಖರ್ಚು ಮಾತ್ರ ಕೊಡಿ, ಅಚ್ಚು ನಾನು ಹಾಕಿಕೊಡುತ್ತೇನೆ. ಇದನ್ನು ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ನಾಳೆ ಕೆರೆ ಉಪನ್ಯಾಸದ ಪ್ರೂಫ್ ತೆಗೆದುಕೊಂಡು ಹೋಗಬೇಕು. ಅವರು ಕೊಟ್ಟ ಹಾಗೆ ಒಂದು ಮಾಡಿದ್ದೇನೆ. ಇನ್ನೊಂದರಲ್ಲಿ 'ನಮ್ಮ ಕೆರೆಗಳನ್ನು ಕಟ್ಟಿಸಿದವರು ಯಾರು?' ಅಂತ ಮೇಲೆ 36 ಪಾಯಿಂಟ್‌ನಲ್ಲಿ ಹಾಕಿ, ಹೆಸರುಗಳನ್ನೆಲ್ಲ ಕೆಳಗೆ ತಂದು, ಸಮಯದ ಜಾಗ ಖಾಲಿ ಬಿಟ್ಟಿದ್ದೇನೆ. ಎರಡನ್ನೂ ಮೇಡಂ ಮೇಜಿನ ಮೇಲೆ ಇಟ್ಟು ಕೇಳುತ್ತೇನೆ.