ಕಟಕಟೆಯಲ್ಲಿದ್ದವಳ ಮುಖ ಎಲ್ಲಿ?

ನಿನ್ನೆ ರಾತ್ರಿ ಒಂದು ಕೋರ್ಟ್ ಸಿನಿಮಾ ನೋಡಿದೆ. ಅದು ಮೊದಲು ನಾಟಕವಾಗಿತ್ತು; ಬರೆದವರೇ ಸಿನಿಮಾವನ್ನೂ ನಿರ್ದೇಶಿಸಿದ್ದಾರೆ. ಆ ನಾಟಕವನ್ನು ಮೂರು ಸಲ ನೋಡಿದ್ದೆ, ಮೂರು ಸಲವೂ ಅತ್ತಿದ್ದೆ. ಸಿನಿಮಾ ಮುಗಿದಾಗ ಬಂದಿದ್ದು ಸಿಟ್ಟು. ಇನ್ನೂ ಇಳಿದಿಲ್ಲ.

ವಕೀಲರು ಮಾತಾಡಿದರೆ ಕ್ಯಾಮೆರಾ ಅವರ ಮುಖದ ಮೇಲೆ. ಎದುರಿನವರು ಎದ್ದರೆ ಅವರ ಮೇಲೆ. ಕಟಕಟೆಯಲ್ಲಿ ನಿಂತ ಆ ಹೆಂಗಸು ಎಲ್ಲಿ? ಪಣಕ್ಕಿಟ್ಟಿರೋದು ಅವಳ ಬದುಕು ಅಲ್ವಾ?

ರಂಗದ ಮೇಲೆ ಅವಳು ಪೂರ್ತಿ ಹೊತ್ತು ನಮ್ಮ ಕಣ್ಣೆದುರೇ ಇರುತ್ತಿದ್ದಳು. ಮಾತು ಕಡಿಮೆ. ಆದರೂ ವಕೀಲರು ಎಷ್ಟೇ ಗುಡುಗಲಿ, ನಾನು ನೋಡುತ್ತಿದ್ದದ್ದು ಕಂಬಿ ಹಿಡಿದ ಅವಳ ಬೆರಳುಗಳನ್ನು. ನಾಟಕದಲ್ಲಿ ಎತ್ತ ನೋಡಬೇಕು ಅನ್ನೋದು ನಮ್ಮ ಇಷ್ಟ. ಸಿನಿಮಾದಲ್ಲಿ ಅದನ್ನು ನಿರ್ದೇಶಕರೇ ತೀರ್ಮಾನಿಸುತ್ತಾರೆ. ಬರೆದವರೇ ನಿರ್ದೇಶಕರಾದರೆ ಅವರ ಕಣ್ಣು ತಾವು ಬರೆದ ಮಾತಿನ ಹಿಂದೆಯೇ ಓಡುತ್ತದೆ.

'ಬರೆದವರಿಗಿಂತ ಆ ನಾಟಕ ಇನ್ಯಾರಿಗೆ ಚೆನ್ನಾಗಿ ಗೊತ್ತು?' ಅಂತ ಗೆಳೆಯರೊಬ್ಬರು ಕೇಳಿದರು. ತೊಂದರೆ ಇರೋದೇ ಅಲ್ಲಿ. ಅವಳ ಸಂಕಟ ಅವರಿಗೆ ಮೊದಲೇ ಗೊತ್ತು. ನಮಗೆ ತೋರಿಸಬೇಕು ಅನ್ನೋದೇ ಮರೆತುಹೋಗುತ್ತದೆ.

'ಟ್ವೆಲ್ವ್ ಆ್ಯಂಗ್ರಿ ಮೆನ್' ನೆನಪಿಸಿಕೊಳ್ಳಿ. ಕೊಲೆ ಕೇಸೊಂದರ ತೀರ್ಪಿಗಾಗಿ ಹನ್ನೆರಡು ಜ್ಯೂರಿ ಸದಸ್ಯರು ಒಂದು ಕೋಣೆಯಲ್ಲಿ ಕೂತು ವಾದಿಸುವ ಕಥೆ; ರೆಜಿನಾಲ್ಡ್ ರೋಸ್ 1954ರಲ್ಲಿ ಟಿವಿಗೆ ಬರೆದ ನಾಟಕ ಅದು. 1957ರಲ್ಲಿ ಸಿನಿಮಾ ಆದಾಗ ಚಿತ್ರಕಥೆ ಅವರದೇ, ನಿರ್ಮಾಪಕರಲ್ಲೂ ಒಬ್ಬರು. ನಿರ್ದೇಶನ ಮಾತ್ರ ಸಿಡ್ನಿ ಲ್ಯೂಮೆಟ್ ಕೈಗೆ ಹೋಯಿತು. ಲ್ಯೂಮೆಟ್ ಮೊದಲ ಭಾಗದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟರು. ಆಮೇಲೆ ಕಣ್ಣಿನ ಮಟ್ಟಕ್ಕೆ ತಂದರು. ಕೊನೆಗೆ ಇನ್ನೂ ಕೆಳಕ್ಕೆ, ತಲೆ ಮೇಲಿನ ಸೂರು ಕಾಣೋ ಹಾಗೆ. ಲೆನ್ಸ್ ಬದಲಾಯಿಸುತ್ತಾ ಹೋಗಿ, ಗೋಡೆಗಳೇ ಹತ್ತಿರ ಬಂದಂತೆ ಮಾಡಿದರು. ಒಂದೇ ಕೋಣೆ. ನಮಗೂ ಉಸಿರು ಕಟ್ಟುತ್ತದೆ. ಅದು ಯಾವ ಸಂಭಾಷಣೆಯಲ್ಲೂ ಇಲ್ಲ.

ನಾನೂ ನಾಟಕ ಬರೆದವನೇ. ಒಮ್ಮೆ ತಾಲೀಮಿನಲ್ಲಿ ಸಾಕ್ಷಿಯ ಪಾತ್ರದ ಹುಡುಗಿ, 'ಈ ಎರಡು ಪುಟ ಬೇಡ ಸರ್, ಸುಮ್ನೆ ನಿಂತಿರ್ತೀನಿ' ಅಂದಳು. ಬೈದುಬಿಟ್ಟೆ. ಪ್ರದರ್ಶನದ ದಿನ ಒಂದು ಪದವೂ ಬಿಡದೆ ಹೇಳಿದಳು. ಜನ ಕೆಮ್ಮುತ್ತಾ ಕೂತಿದ್ದರು. ಅವಳು ಹೇಳಿದ್ದೇ ಸರಿ ಇತ್ತು. ಆ ಮಾತನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.

ನಿನ್ನೆ ತೀರ್ಪು ಓದುವಾಗಲೂ ಕ್ಯಾಮೆರಾ ನ್ಯಾಯಾಧೀಶರನ್ನು ಬಿಡಲಿಲ್ಲ. ಆ ಗಳಿಗೆಯಲ್ಲಿ ಅವಳು ಕಂಬಿಯಿಂದ ಕೈ ತೆಗೆಯುತ್ತಾಳೆ. ನಾಟಕ ನೋಡಿದ ನನಗೆ ಅದು ಗೊತ್ತು. ಪಕ್ಕದಲ್ಲಿ ಕೂತು ಸಿನಿಮಾ ನೋಡಿದವರಿಗೆ ಕಾಣಲೇ ಇಲ್ಲ.