ಐದನೇ ಕಿಟಕಿ

ಲೆಸ್ಟರ್‌ಶೈರ್‌ನಲ್ಲಿ ತಂಗಿ ಬಾಡಿಗೆಗಿರುವುದು ಹಳೇ ಇಟ್ಟಿಗೆಯ ಫಾರ್ಮ್‌ಹೌಸಿನಲ್ಲಿ. ಹೊರಗಿನಿಂದ ನೋಡಿದರೆ ಮಹಡಿಗೆ ಐದು ಕಿಟಕಿ. ಒಳಗೆ ನಾಲ್ಕೇ. ಒದ್ದೆ ಪಂಚೆ ಹಿಡಿದುಕೊಂಡು ಐದನೆಯದಕ್ಕೆ ಕೋಣೆ ಕೋಣೆ ಹುಡುಕಿದೆ. ಅಲ್ಲಿ ಬರೀ ಗೋಡೆ.

"ಕಿಟಕಿ ತೆರಿಗೆ ತಪ್ಪಿಸೋಕೆ ಮುಚ್ಚಿದ್ದು ಭಾವ" ಎಂದರು ತಂಗಿಯ ಯಜಮಾನರು, ತಾವೇ ಮುಚ್ಚಿದವರ ಗತ್ತಿನಲ್ಲಿ.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಮನೆಯ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು, ನಿಜ. ಆದರೆ ಎಷ್ಟೋ ಕಿಟಕಿಗಳು ಹುಟ್ಟಾ ಕುರುಡು. ಎಡಕ್ಕೂ ಬಲಕ್ಕೂ ಸರಿಹೊಂದಬೇಕೆಂಬ ಶೋಕಿ ಆಗ ಮನೆ ಕಟ್ಟಿಸುವವರಿಗೆ. ಹಿಂದೆ ಹೊಗೆಗೂಡೋ ಮೆಟ್ಟಿಲೋ ಅಡ್ಡ ಬಂದರೆ ಸುಮ್ನೆ ಕಿಟಕಿಯ ಆಕಾರ ಬಿಟ್ಟು ಇಟ್ಟಿಗೆ ಕಟ್ಟುತ್ತಿದ್ದರು. ಆಮೇಲೆ ಮುಚ್ಚಿದ್ದಾದರೆ ಪಕ್ಕದಲ್ಲಿ ನೇರ ಸಂದಿ ಕಾಣುತ್ತದೆ. ಇಲ್ಲಿ ಇಟ್ಟಿಗೆಗಳು ಅಕ್ಕಪಕ್ಕದ ಗೋಡೆಯೊಳಕ್ಕೆ ಹೆಣೆದುಕೊಂಡಿದ್ದವು.

ತೆರಿಗೆ ಕಥೆಯೇ ಬೇಕಿದ್ದರೆ ಇಟ್ಟಿಗೆಯದನ್ನು ಹೇಳಬಾರದೇ? ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೋತು ಖಜಾನೆ ಬರಿದಾದಾಗ, 1784ರಲ್ಲಿ ಇಟ್ಟಿಗೆಗೆ ತೆರಿಗೆ ಬಂತು. ಸಾವಿರಕ್ಕೆ ಇಷ್ಟು ಅಂತ. ಲೆಕ್ಕ ಸಂಖ್ಯೆಗೆ, ಗಾತ್ರಕ್ಕಲ್ಲ! ಈ ಸಂದು ಮೀಶಮ್ ಎಂಬ ಊರಿನ ಉದ್ಯಮಿ ಜೋಸೆಫ್ ವಿಲ್ಕ್ಸ್ ಕಣ್ಣಿಗೆ ಬಿತ್ತು. ಮಾಮೂಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ದಪ್ಪದ ಇಟ್ಟಿಗೆ ಮಾಡಿಸಿಯೇ ಬಿಟ್ಟ. ಜನ ಅದನ್ನು 'ಗಾಬ್' ಎಂದರು. ಮೀಶಮ್ ಕಡೆ ಆ ಗೋಡೆಗಳು ಈಗಲೂ ಇವೆ. ನೋಡಿದರೆ ಮನೆಗೆ ಮೈ ಊದಿಕೊಂಡಂತಿದೆ. ವಿಲ್ಕ್ಸ್‌ನ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ಗಾರೆ ಕೆಲಸದವನನ್ನು ಯಾರೂ ಕೇಳುವುದಿಲ್ಲ. ಒಂದು ಕೈಯಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ಕರಣೆ ಹಿಡಿದು ಕೆಲಸ ಕಲಿತವನು ಅವನು. ಈ ಗುಂಡುಕಲ್ಲಿನಂಥದ್ದಕ್ಕೆ ಎರಡೂ ಕೈ ಕೊಟ್ಟರೆ ಕರಣೆ ಹಿಡಿಯೋರು ಯಾರು? ಉಳಿತಾಯ ಧಣಿಗೆ, ಸೊಂಟನೋವು ಇವನಿಗೆ. ಕೂಲಿ ಜಾಸ್ತಿ ಕೊಟ್ಟಿರುತ್ತಾರೆಂದು ನನಗಂತೂ ನಂಬಿಕೆಯಿಲ್ಲ. ಸರ್ಕಾರವೂ ಸುಮ್ಮನಿರಲಿಲ್ಲ. 150 ಘನ ಅಂಗುಲ ಮೀರಿದ ಇಟ್ಟಿಗೆಗೆ ತೆರಿಗೆ ದುಪ್ಪಟ್ಟು ಮಾಡಿತು. 1850ರಲ್ಲಿ ಆ ತೆರಿಗೆಯೇ ಹೋಯಿತು.

ಇದನ್ನೆಲ್ಲ ಕೇಳಿದ್ದೇ ತಂಗಿಯ ಯಜಮಾನರು ಟೇಪು ತಂದು ಗೋಡೆ ಅಳೆದರು. ಎಲ್ಲ ಮಾಮೂಲಿ ಇಟ್ಟಿಗೆ.

"ಪೂರ್ತಿ ತೆರಿಗೆ ಕಟ್ಟಿದ ಮನೆ" ಎಂದರು ಬೇಜಾರಿನಲ್ಲಿ.

ತೆರಿಗೆಗಿಂತ ಮುಂಚಿನ ಮನೆಯೂ ಇರಬಹುದಲ್ವಾ ಎಂದೆ. ಅದು ಅವರಿಗೆ ರುಚಿಸಲಿಲ್ಲ.