ಸತ್ಯಾಂಶ: ‘ಹೋಲ್ಡ್’ ಆದ ಹಣ ಬಿಡಿಸಲು ಪಿನ್ ಒತ್ತಬೇಕಾ?

ಹಳೆಯ ಸೋಫಾ, ಫ್ರಿಜ್ ಆನ್‌ಲೈನ್‌ನಲ್ಲಿ ಮಾರುವವರಿಗೆ ಅಂತ ಒಂದು ಸಲಹೆ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕೊಳ್ಳುವವರ ಹಣ ‘ಹೋಲ್ಡ್’ನಲ್ಲಿರುತ್ತದೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮಗೆ ಬರುತ್ತದೆ ಎನ್ನುವುದು ಅದರ ಸಾರ. ಇದು ತಪ್ಪು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಹಾಗೆ ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದಲೇ.

ಜನ ನಂಬುವುದಕ್ಕೂ ಕಾರಣ ಇದೆ. ಹೋಲ್ಡ್ ಅನ್ನೋದೇನೂ ಕಟ್ಟುಕತೆಯಲ್ಲ. ಕೆಲವು ಮಾರಾಟ ತಾಣಗಳು ವಸ್ತು ತಲುಪುವವರೆಗೆ ಹಣವನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಒಡೆದ ವಸ್ತು ಬಂದರೆ ಕೊಂಡವರಿಗೆ ವಾಪಸ್ ಕೊಡಬೇಕಲ್ವಾ? ಮಾರಿದವರು ಕಾಯಬೇಕು, ಅಷ್ಟೇ. ಬಿಡಿಸಿಕೊಳ್ಳಲು ಮೊದಲು ದುಡ್ಡು ಕಳಿಸಿ ಅಂತ ಯಾವ ತಾಣವೂ ಕೇಳುವುದಿಲ್ಲ. ಬರೀ ಜಾಹೀರಾತು ಹಾಕುವ ಕಡೆ, ಇಬ್ಬರೂ ನೇರವಾಗಿ ವ್ಯವಹಾರ ಮಾಡಿದರೆ, ನಡುವೆ ಹಣ ಹಿಡಿದಿಡುವವರೇ ಇರುವುದಿಲ್ಲ.

ನೀವೇ ಪರೀಕ್ಷಿಸಬಹುದು. ಸ್ಕ್ಯಾನ್ ಆದ ಮೇಲೆ ಪರದೆಯಲ್ಲಿ ‘ಪೇ’ ಅಂತ ಬಂದರೆ ಅಲ್ಲೇ ನಿಲ್ಲಿಸಿ. ಕೊಳ್ಳುವವರು ಕಳಿಸಿದ ಲಿಂಕ್ ಒತ್ತದೆ, ತಾಣದ ಆ್ಯಪನ್ನು ನೀವೇ ತೆರೆದು ಆರ್ಡರ್ ಇದೆಯಾ ನೋಡಿ. ಹಣ ಕಳಿಸಿದಂತೆ ತೋರಿಸುವ ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಯಾರಿಸಬಹುದು, ಹಾಗಾಗಿ ಬ್ಯಾಂಕ್ ಖಾತೆಯನ್ನೇ ನೋಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.